ಅರಳಬೇಕು, ಆದರೆ ಚೂರಾಗಬಾರದು: ಬೇಟೆ ಬುಲೆಟ್‌ಗಳ ಪರೀಕ್ಷೆ ನಡೆಯುವುದು ಹೀಗೆ

ಕೋಲ್ಕತ್ತಾಗೆ ವಿಮಾನದಲ್ಲಿ ಹೋಗಿಬಂದವರಿಗೆ ಡಮ್‌ಡಮ್ ಎಂದರೆ ವಿಮಾನ ನಿಲ್ದಾಣ ಇರುವ ಜಾಗ. ಆದರೆ ಬಂದೂಕಿನ ಬಗ್ಗೆ ಅಷ್ಟಿಷ್ಟು ತಿಳಿದ ಯಾರನ್ನೇ ಕೇಳಿ, ಅದು ಒಂದು ಬಗೆಯ ಬುಲೆಟ್‌ನ ಹೆಸರು ಎನ್ನುತ್ತಾರೆ. ದೇಹದೊಳಗೆ ಹೊಕ್ಕ ಕೂಡಲೇ ಮೂತಿ ಬಿಚ್ಚಿಕೊಂಡು ಅಣಬೆಯಂತೆ ಅಗಲವಾಗುವ ಬುಲೆಟ್ ಅದು.

ಇಂಥ ಬುಲೆಟ್‌ಗಳದ್ದು ವಿಚಿತ್ರ ಕಥೆ. ಯುದ್ಧದಲ್ಲಿ ಮನುಷ್ಯನ ಮೇಲೆ ಬಳಸುವುದನ್ನು ಅಂತಾರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ. ಅದೇ ಬುಲೆಟ್ಟನ್ನು ಜಿಂಕೆ ಬೇಟೆಗೆ ಬಳಸಲೇಬೇಕು ಎಂದು ಕೆಲವು ದೇಶಗಳ ಕಾನೂನು ಹೇಳುತ್ತದೆ! ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1991ರ ಜಿಂಕೆ ಕಾಯ್ದೆಯ ಪ್ರಕಾರ, ರೈಫಲ್‌ನಿಂದ ಜಿಂಕೆ ಹೊಡೆಯುವುದಾದರೆ ಬುಲೆಟ್‌ನ ಮೂತಿ ಮೆತ್ತಗಿರಬೇಕು ಅಥವಾ ಟೊಳ್ಳಾಗಿರಬೇಕು. ಅಮೆರಿಕದ ಹಲವು ರಾಜ್ಯಗಳಲ್ಲೂ ದೊಡ್ಡ ಪ್ರಾಣಿಗಳ ಬೇಟೆಗೆ ಪೂರ್ತಿ ಲೋಹದ ಕವಚದ ಮಿಲಿಟರಿ ಬುಲೆಟ್ ಬಳಸುವಂತಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಆದರೆ ಅಮೆರಿಕ, ಕೆನಡಾ ಮತ್ತು ಯುರೋಪಿನ ಹಲವು ದೇಶಗಳಲ್ಲಿ ಪರವಾನಗಿ ಪಡೆದು ಬೇಟೆಯಾಡುವುದು ಇಂದಿಗೂ ಕಾನೂನುಬದ್ಧ. ಅಲ್ಲಿ ಒಂದು ಹೊಸ ಬುಲೆಟ್ ಮಾರುಕಟ್ಟೆಗೆ ಬರುವ ಮುನ್ನ ಜೆಲ್ಲಿಯಂಥ ಮುದ್ದೆಗೆ ನೂರಾರು ಸಲ ಗುಂಡು ಹಾರಿಸಿ ಪರೀಕ್ಷೆ ಮಾಡುತ್ತಾರೆ. ಏಕೆ? ಆ ಪರೀಕ್ಷೆ ಏನನ್ನು ಅಳೆಯುತ್ತದೆ? ಮುಖ್ಯವಾಗಿ, ಎಷ್ಟೋ ವರ್ಷಗಳ ಕಾಲ ಅದು ಏನನ್ನು ಅಳೆಯದೆ ಬಿಟ್ಟಿತ್ತು? ಇಲ್ಲಿದೆ ವಿವರ.

ಬುಲೆಟ್ ಅರಳಬೇಕು ಏಕೆ?

ಗುಂಡಿಗೆ ವೇಗ ಇದ್ದರೆ ಸಾಕು, ಪ್ರಾಣಿ ಬೀಳುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ ಮಾತ್ರ. ಗಟ್ಟಿ ಕವಚದ ಬುಲೆಟ್ ಮೆತ್ತನೆಯ ಮಾಂಸದಲ್ಲಿ ದಬ್ಬಣದ ಹಾಗೆ ಸಣ್ಣ ತೂತು ಮಾಡಿಕೊಂಡು ಆಚೆ ಕಡೆಯಿಂದ ಹೊರಟುಹೋಗಬಹುದು. ತನ್ನಲ್ಲಿದ್ದ ಶಕ್ತಿಯ ಬಹುಪಾಲನ್ನು ಅದು ಹಿಂದಿನ ಮರಕ್ಕೋ ಮಣ್ಣಿಗೋ ಕೊಟ್ಟುಬಿಡುತ್ತದೆ. ಪ್ರಾಣಿ ಸಾಯುತ್ತದೆ, ಆದರೆ ತಕ್ಷಣವಲ್ಲ. ಮೈಲಿಗಟ್ಟಲೆ ಓಡಿ, ಯಾರ ಕೈಗೂ ಸಿಗದೆ, ಗಂಟೆಗಟ್ಟಲೆ ಅಥವಾ ದಿನಗಟ್ಟಲೆ ನರಳಿ ಸಾಯುತ್ತದೆ.

ಹಾಗೆಂದು ಬುಲೆಟ್ ತೀರಾ ಬೇಗ ಅರಳಿದರೂ ಕಷ್ಟ. ಚರ್ಮದ ಕೆಳಗೇ ಬಿಚ್ಚಿಕೊಂಡು ಚೂರಾದರೆ ಮೇಲ್ಮೈಯಲ್ಲಿ ದೊಡ್ಡ ಗಾಯವಾಗುತ್ತದೆ. ಹೃದಯ, ಶ್ವಾಸಕೋಶಗಳಿಗೆ ಏನೂ ತಾಗುವುದಿಲ್ಲ. ಪ್ರಾಣಿ ಮತ್ತೆ ಓಡುತ್ತದೆ.

ಮಲೆನಾಡು, ಕೊಡಗಿನ ಶಿಕಾರಿ ಕಥೆಗಳನ್ನು ಕೇಳಿ ಬೆಳೆದವರಿಗೆ ಈಡು ತಿಂದೂ ತಪ್ಪಿಸಿಕೊಂಡ ಹಂದಿಯ ಅಪಾಯ ಏನೆಂದು ಗೊತ್ತು. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯ ಬಲಭಾಗದ ಕೋರೆಹಲ್ಲುಗಳು ಮುರಿದಿದ್ದವು. ಹಳೆಯ ಗುಂಡೇಟೇ ಅದಕ್ಕೆ ಕಾರಣ, ಸಹಜ ಬೇಟೆ ಸಾಧ್ಯವಾಗದೆ ಅದು ಮನುಷ್ಯರ ಮೇಲೆ ಬಿತ್ತು ಎಂದು ಕಾರ್ಬೆಟ್ ತೀರ್ಮಾನಿಸಿದ್ದರು. ಕೊಲ್ಲದೆ ಬಿಟ್ಟ ಗುಂಡಿನ ಬೆಲೆ ಯಾವಾಗಲೂ ಪ್ರಾಣಿಗೆ ಮಾತ್ರ ಸೀಮಿತವಲ್ಲ.

ಆದ್ದರಿಂದ ಬುಲೆಟ್ ಮಾಡುವವರ ಮುಂದಿರುವ ಲೆಕ್ಕ ಇಷ್ಟೇ: ಅದು ಅರಳಬೇಕು, ಆದರೆ ಆಳಕ್ಕೂ ಇಳಿಯಬೇಕು. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗುತ್ತದೆ. ಪರೀಕ್ಷೆ ಹುಡುಕುವುದು ಇವೆರಡರ ನಡುವಿನ ಹದವನ್ನು.

ಡಮ್‌ಡಮ್ ಮತ್ತು ತಪ್ಪು ಗುಂಡಿನ ಪರೀಕ್ಷೆ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸೇನೆ ದಪ್ಪ ಸೀಸದ ಗುಂಡುಗಳನ್ನು ಬಿಟ್ಟು, ಲೋಹದ ಕವಚ ತೊಟ್ಟ ತೆಳ್ಳನೆಯ .303 ಬುಲೆಟ್‌ಗೆ ಬದಲಾಯಿತು. 1895ರ ಚಿತ್ರಾಲ್ ಕಾರ್ಯಾಚರಣೆಯಲ್ಲಿ ಈ ಗುಂಡು ತಾಗಿದರೂ ಎದುರಾಳಿಗಳು ನಿಲ್ಲುತ್ತಿಲ್ಲ ಎಂಬ ದೂರು ಬಂತು. ಡಮ್‌ಡಮ್‌ನ ಶಸ್ತ್ರಾಗಾರದಲ್ಲಿದ್ದ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ ಎಂಬ ಅಧಿಕಾರಿ ಬುಲೆಟ್‌ನ ತುದಿಯ ಕವಚವನ್ನು ತುಸು ತೆಗೆದು, ಒಳಗಿನ ಸೀಸ ಹೊರಗೆ ಕಾಣುವಂತೆ ಮಾಡಿದರು. ಇದೇ ಡಮ್‌ಡಮ್ ಬುಲೆಟ್.

ಇದು ಯುರೋಪಿನಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಜರ್ಮನಿಯ ಟ್ಯೂಬಿಂಗನ್‌ನ ಶಸ್ತ್ರಚಿಕಿತ್ಸಕ ಪಾಲ್ ಫಾನ್ ಬ್ರೂನ್ಸ್ ಅರಳುವ ಬುಲೆಟ್‌ಗಳನ್ನು ಹಾರಿಸಿ ಪರೀಕ್ಷಿಸಿ, ಅವು ಮಾಡುವ ಗಾಯ ಎಷ್ಟು ಭೀಕರ ಎಂದು ಪ್ರಕಟಿಸಿದರು. ಬ್ರಿಟನ್ ತಕರಾರು ಎತ್ತಿತು. ಫಾನ್ ಬ್ರೂನ್ಸ್ ಪರೀಕ್ಷಿಸಿದ್ದು ಡಮ್‌ಡಮ್ ಬುಲೆಟ್ಟನ್ನಲ್ಲ, ಮೂತಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಸೀಸ ಹೊರಗಿದ್ದ ಜರ್ಮನ್ ಬೇಟೆ ಬುಲೆಟ್ಟನ್ನು ಎಂಬುದು ಅದರ ವಾದ. ಆ ಮಾತಿನಲ್ಲಿ ಹುರುಳಿತ್ತು. ಆದರೆ ಜನಾಭಿಪ್ರಾಯ ಆಗಲೇ ರೂಪುಗೊಂಡಿತ್ತು.

1899ರ ಜುಲೈನಲ್ಲಿ ಹೇಗ್ ಸಮ್ಮೇಳನವು ಮನುಷ್ಯನ ದೇಹದಲ್ಲಿ ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ ಬುಲೆಟ್‌ಗಳ ಬಳಕೆಯನ್ನು ಯುದ್ಧದಲ್ಲಿ ನಿಷೇಧಿಸುವ ಘೋಷಣೆ ಮಾಡಿತು. ಬ್ರಿಟನ್ ಮತ್ತು ಅಮೆರಿಕ ವಿರೋಧಿಸಿದವು. ಬ್ರಿಟನ್ ಕೊನೆಗೂ ಒಪ್ಪಿದ್ದು 1907ರಲ್ಲಿ.

ಈ ಜಗಳದಲ್ಲಿ ಒಂದು ಪಾಠವಿದೆ. ಮೂತಿಯಲ್ಲಿ ಎಷ್ಟು ಸೀಸ ಹೊರಗಿದೆ ಎಂಬ ಸಣ್ಣ ವ್ಯತ್ಯಾಸವೂ ಬುಲೆಟ್‌ನ ನಡವಳಿಕೆಯನ್ನು ಬದಲಿಸಬಲ್ಲದು. ಯಾವ ಗುಂಡು, ಯಾವ ವೇಗ, ಯಾವ ವಸ್ತು ಎಂದು ಹೇಳದ ಪರೀಕ್ಷೆಯಿಂದ ಏನನ್ನೂ ತೀರ್ಮಾನಿಸಲಾಗದು.

ಕೆಸರು ಮೆತ್ತಿದ ಮೂಸ್ ಕಲಿಸಿದ ಪಾಠ

ಯುದ್ಧದಲ್ಲಿ ನಿಷೇಧವಾದ ಮೇಲೂ ಬೇಟೆಯಲ್ಲಿ ಅರಳುವ ಬುಲೆಟ್ ಮುಂದುವರಿಯಿತು. ಅಲ್ಲಿ ಇನ್ನೊಂದು ತೊಂದರೆ ಎದುರಾಯಿತು. 1946ರಲ್ಲಿ ಅಮೆರಿಕದ ಜಾನ್ ನೋಸ್ಲರ್ ಕೆನಡಾದ ಬ್ರಿಟಿಷ್ ಕೊಲಂಬಿಯಾಗೆ ಮೂಸ್ ಬೇಟೆಗೆ ಹೋಗಿದ್ದರು. ಮೂಸ್ ಎಂದರೆ ಕುದುರೆಗಿಂತ ಎತ್ತರ ಬೆಳೆಯಬಲ್ಲ ಭಾರಿ ಜಿಂಕೆ. ಅದರ ಮೈಮೇಲೆ ದಪ್ಪಗೆ ಕೆಸರು ಒಣಗಿತ್ತು. ಗುಂಡು ಕೆಸರು ಮತ್ತು ಚರ್ಮಕ್ಕೆ ಬಡಿಯುತ್ತಲೇ ಬಿಚ್ಚಿಕೊಂಡಿತು, ಆಳಕ್ಕೆ ಇಳಿಯಲೇ ಇಲ್ಲ.

ಊರಿಗೆ ಮರಳಿದ ನೋಸ್ಲರ್ ಹೊಸ ವಿನ್ಯಾಸಕ್ಕೆ ಕೈಹಾಕಿದರು. ಬುಲೆಟ್‌ನ ತಾಮ್ರದ ಕವಚದ ಒಳಗೇ ಒಂದು ಅಡ್ಡಗೋಡೆ. ಗೋಡೆಯ ಮುಂದೆ ಸ್ವಲ್ಪ ಸೀಸ, ಹಿಂದೆ ಸ್ವಲ್ಪ ಸೀಸ. ಮುಂದಿನ ಕೋಣೆ ಅರಳಿ ಹರಿದುಹೋದರೂ ಹಿಂದಿನ ಕೋಣೆ ಗಟ್ಟಿಯಾಗಿ ಉಳಿದು ಮುಂದಕ್ಕೆ ನುಗ್ಗುತ್ತದೆ. ಪಾರ್ಟಿಷನ್ ಎಂಬ ಹೆಸರಿನ ಈ ಬುಲೆಟ್ 1948ರಲ್ಲಿ ಮಾರಾಟಕ್ಕೆ ಬಂತು, ಈಗಲೂ ಸಿಗುತ್ತದೆ.

ಜೆಲ್ಲಿಗೆ ಗುಂಡು ಹಾರಿಸುವುದು ಹೇಗೆ?

ಪ್ರತಿ ವಿನ್ಯಾಸವನ್ನೂ ಕಾಡಿನಲ್ಲಿ ಜೀವಂತ ಪ್ರಾಣಿಯ ಮೇಲೆ ಪರೀಕ್ಷಿಸಲು ಸಾಧ್ಯವಿಲ್ಲ, ಮಾಡಬಾರದು ಕೂಡ. ಒಂದು ಪ್ರಾಣಿಯಂತೆ ಇನ್ನೊಂದು ಇರುವುದಿಲ್ಲ, ಒಂದು ಈಡು ಮೂಳೆಗೆ ತಾಗಿದರೆ ಇನ್ನೊಂದು ಮಾಂಸಕ್ಕೆ. ಹೋಲಿಕೆ ಮಾಡಲು ಪ್ರತಿ ಸಲವೂ ಒಂದೇ ತೆರನಾಗಿರುವ ವಸ್ತು ಬೇಕು. ಅದೇ ಬ್ಯಾಲಿಸ್ಟಿಕ್ ಜೆಲಾಟಿನ್.

ಜೆಲಾಟಿನ್ ಅಂದರೆ ಬೇರೇನಲ್ಲ, ಮಾತ್ರೆಯ ಕ್ಯಾಪ್ಸೂಲ್‌ಗೂ ಜೆಲ್ಲಿಗೂ ಬಳಸುವ, ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಪ್ರೋಟೀನ್. ಅಮೆರಿಕ ಸೇನೆಯ ಶಸ್ತ್ರಚಿಕಿತ್ಸಕ ಮಾರ್ಟಿನ್ ಫ್ಯಾಕ್ಲರ್ 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪ್ರಯೋಗಾಲಯದಲ್ಲಿ ಇದಕ್ಕೆ ಒಂದು ಖಚಿತ ಪಾಕವನ್ನು ರೂಢಿಗೆ ತಂದರು. ತೂಕದಲ್ಲಿ ಒಂದು ಪಾಲು ಜೆಲಾಟಿನ್ ಪುಡಿ, ಒಂಬತ್ತು ಪಾಲು ನೀರು. ಅಚ್ಚಿಗೆ ಹೊಯ್ದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಣ್ಣಗಿಡಬೇಕು. ಈ ಹದದ ಜೆಲಾಟಿನ್‌ನಲ್ಲಿ ಗುಂಡು ಇಳಿಯುವ ಆಳವು ಹಂದಿಯ ಮಾಂಸಖಂಡದಲ್ಲಿ ಇಳಿಯುವ ಆಳಕ್ಕೆ ಹತ್ತಿರ ಎಂದು ಫ್ಯಾಕ್ಲರ್ ತೋರಿಸಿದ್ದರು.

ಪಾಕ ಕೆಟ್ಟರೆ ಪರೀಕ್ಷೆಯೇ ಕೆಟ್ಟಂತೆ. ಪುಡಿಯನ್ನು ಕರಗಿಸುವಾಗ ಹೆಚ್ಚು ಬಿಸಿ ಮಾಡಿದರೆ ಜೆಲಾಟಿನ್ ಬಲ ಕಳೆದುಕೊಳ್ಳುತ್ತದೆ, ಬಿಸಿಲಿನಲ್ಲಿ ಇಟ್ಟರೆ ಮೆತ್ತಗಾಗುತ್ತದೆ. ಅದಕ್ಕೇ ಮೊದಲು ಮುದ್ದೆಯನ್ನೇ ಪರೀಕ್ಷಿಸುತ್ತಾರೆ. ಏರ್‌ಗನ್‌ನಿಂದ 4.5 ಮಿ.ಮೀ. ಉಕ್ಕಿನ ಗೋಲಿಯನ್ನು ಸೆಕೆಂಡಿಗೆ ಸುಮಾರು 180 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಅದು 8.5 ಸೆಂ.ಮೀ. ಆಸುಪಾಸಿನಲ್ಲಿ ನಿಂತರೆ ಸರಿ, ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಾದರೆ ಆ ಮುದ್ದೆಯನ್ನು ಬಳಸುವುದಿಲ್ಲ.

ಆಮೇಲೆ ನಿಜವಾದ ಗುಂಡು. ಮುಂದಿಟ್ಟ ಯಂತ್ರ ವೇಗವನ್ನು ಅಳೆಯುತ್ತದೆ, ಹೈಸ್ಪೀಡ್ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ನಿಧಾನಗತಿಯಲ್ಲಿ ನೋಡಿದರೆ ಜೆಲ್ಲಿಯ ಮುದ್ದೆ ಬಲೂನಿನಂತೆ ಉಬ್ಬಿ ಮತ್ತೆ ಕುಗ್ಗುವುದು ಕಾಣುತ್ತದೆ. ಕ್ಷಣಮಾತ್ರ ಹಿಗ್ಗಿ ಮುಚ್ಚಿಕೊಳ್ಳುವ ಈ ಪೊಳ್ಳು ತಾತ್ಕಾಲಿಕ ಕುಹರ. ಬುಲೆಟ್ ನೇರವಾಗಿ ಹರಿದ ದಾರಿ ಶಾಶ್ವತ ಕುಹರ. ನೋಡಲು ರೋಮಾಂಚಕವಾಗಿರುವುದು ಮೊದಲನೆಯದು. ಆದರೆ ಸ್ನಾಯುವಿನಂಥ ಹಿಗ್ಗುವ ಅಂಗಾಂಶ ಆ ಹಿಗ್ಗುವಿಕೆಯನ್ನು ಸಾಕಷ್ಟು ತಡೆದುಕೊಳ್ಳುತ್ತದೆ.

ಕೊನೆಗೆ ಮುದ್ದೆಯನ್ನು ಕೊಯ್ದು ಬುಲೆಟ್ಟನ್ನು ಹೊರತೆಗೆದು ಮೂರು ಅಳತೆ ತೆಗೆದುಕೊಳ್ಳುತ್ತಾರೆ:

ಆಳ: ಗುಂಡು ಎಷ್ಟು ಸೆಂಟಿಮೀಟರ್ ಒಳಗೆ ಹೋಯಿತು.

ಅಗಲ: ಅರಳಿದ ಮೇಲೆ ವ್ಯಾಸ ಮೊದಲಿಗಿಂತ ಎಷ್ಟು ಪಟ್ಟಾಯಿತು. ಒಂದೂವರೆಯಿಂದ ಎರಡು ಪಟ್ಟು ಸಾಮಾನ್ಯ.

ಉಳಿದ ತೂಕ: ಹಾರಿಸುವ ಮುನ್ನ ಇದ್ದ ತೂಕದಲ್ಲಿ ಎಷ್ಟು ಶೇಕಡ ಉಳಿಯಿತು.

ನೂರು ಮೀಟರ್ ಒಂದು, ಮುನ್ನೂರು ಮೀಟರ್ ಇನ್ನೊಂದು

ಸಾಮಾನ್ಯ ಬೇಟೆ ರೈಫಲ್‌ನ 10.7 ಗ್ರಾಂ ಬುಲೆಟ್ ನಳಿಕೆಯಿಂದ ಹೊರಬೀಳುವಾಗ ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿರುತ್ತದೆ. 300 ಮೀಟರ್ ದಾಟುವಷ್ಟರಲ್ಲಿ ಗಾಳಿಯ ತಡೆಯಿಂದ ಅದು 650ರ ಆಸುಪಾಸಿಗೆ ಇಳಿಯುತ್ತದೆ. ಹತ್ತಿರದಲ್ಲಿ ಚೆನ್ನಾಗಿ ಅರಳುವ ಬುಲೆಟ್ ದೂರದಲ್ಲಿ ಅರಳದೇ ಹೋಗಬಹುದು. ದೂರಕ್ಕೆ ತಕ್ಕಂತೆ ಮೆತ್ತಗೆ ಮಾಡಿದ ಬುಲೆಟ್ ಹತ್ತಿರದಲ್ಲಿ ಸಿಡಿದು ಚೂರಾಗಬಹುದು.

ಆದ್ದರಿಂದ ಒಂದೇ ವೇಗದ ಪರೀಕ್ಷೆ ಸಾಲದು. ಆದರೆ 300 ಮೀಟರ್ ದೂರದಿಂದ ಚಿಕ್ಕ ಜೆಲ್ಲಿ ಮುದ್ದೆಯ ನಡುವಿಗೇ ಹೊಡೆಯುವುದು ಕಷ್ಟ. ಅದಕ್ಕೆ ಪರೀಕ್ಷಕರು ಕಂಡುಕೊಂಡ ಉಪಾಯವೆಂದರೆ ತೋಟಾದಲ್ಲಿ ಮದ್ದು ಕಡಿಮೆ ತುಂಬುವುದು. ಆಗ ಹತ್ತಿರದಿಂದಲೇ ಹಾರಿಸಿದರೂ ದೂರದ ಗುಂಡಿನ ವೇಗ ಸಿಗುತ್ತದೆ.

ಈ ಉಪಾಯಕ್ಕೂ ಒಂದು ಕೊರತೆ ಇದೆ. ನಳಿಕೆಯೊಳಗಿನ ಸುರುಳಿ ಗೀರುಗಳು ಬುಲೆಟ್ಟನ್ನು ಬುಗುರಿಯಂತೆ ತಿರುಗಿಸುತ್ತವೆ. ಪೂರ್ತಿ ಮದ್ದಿನಲ್ಲಿ ಅದು ನಿಮಿಷಕ್ಕೆ ಸುಮಾರು 2 ಲಕ್ಷ ಸುತ್ತು! ನಿಜವಾಗಿ 300 ಮೀಟರ್ ಹಾರಿದ ಬುಲೆಟ್ ವೇಗ ಕಳೆದುಕೊಂಡರೂ ಈ ತಿರುಗುವಿಕೆಯ ಬಹುಪಾಲನ್ನು ಉಳಿಸಿಕೊಂಡಿರುತ್ತದೆ. ಕಡಿಮೆ ಮದ್ದಿನ ಗುಂಡಾದರೋ ಸುಮಾರು ಒಂದೂವರೆ ಲಕ್ಷ ಸುತ್ತಿನಲ್ಲೇ ಹೊರಡುತ್ತದೆ. ತಿರುಗುವಿಕೆಯೂ ಬುಲೆಟ್ ಅರಳಲು ನೆರವಾಗುವುದರಿಂದ ಎರಡೂ ಪೂರ್ತಿ ಒಂದೇ ಅಲ್ಲ.

ನೀರು, ಹಳೆ ಪೇಪರ್, ಸೋಪು

ಜೆಲಾಟಿನ್ ದುಬಾರಿ, ತಯಾರಿಗೆ ದಿನಗಳೇ ಬೇಕು. ಹಾಗಾಗಿ ಹವ್ಯಾಸಿಗಳು ಸಾಲಾಗಿ ಜೋಡಿಸಿದ ನೀರಿನ ಕ್ಯಾನ್, ನೆನೆಸಿದ ದಿನಪತ್ರಿಕೆಗಳ ಕಟ್ಟು ಬಳಸುವುದೂ ಉಂಟು. ನೀರಿನಲ್ಲಿ ಬುಲೆಟ್ ಬಹಳ ಚೆನ್ನಾಗಿ ಅರಳುತ್ತದೆ, ಅದೇ ಅದರ ದೋಷವೂ ಹೌದು: ಎಲ್ಲ ಬುಲೆಟ್‌ಗಳೂ ಒಳ್ಳೆಯವೇ ಅನ್ನಿಸಿಬಿಡುತ್ತವೆ. ನೆನೆದ ಕಾಗದ ಉಜ್ಜುವ ಗುಣದ್ದು, ಗುಂಡು ಬೇಗ ನಿಲ್ಲುತ್ತದೆ. ಯುರೋಪಿನ ಪ್ರಯೋಗಾಲಯಗಳಲ್ಲಿ ಗ್ಲಿಸರಿನ್ ಸೋಪಿನ ದಿಮ್ಮಿಗಳ ಬಳಕೆ ಇದೆ. ಜೆಲಾಟಿನ್ ಹಿಗ್ಗಿ ಕುಗ್ಗಿದರೆ ಸೋಪು ಹಿಗ್ಗಿದಲ್ಲೇ ನಿಲ್ಲುತ್ತದೆ, ಹಾಗಾಗಿ ಕುಹರದ ಆಕಾರವನ್ನು ಆರಾಮವಾಗಿ ಅಳೆಯಬಹುದು.

ಇವ್ಯಾವುದೂ ಪ್ರಾಣಿಯಲ್ಲ ಎಂಬುದನ್ನು ಮರೆಯುವಂತಿಲ್ಲ. ಜೆಲ್ಲಿಯಲ್ಲಿ ಭುಜದ ಮೂಳೆ ಇಲ್ಲ, ಗಾಳಿ ತುಂಬಿದ ಶ್ವಾಸಕೋಶ ಇಲ್ಲ, ಕೆಸರು ಮೆತ್ತಿದ ತೊಗಲು ಇಲ್ಲ. ಎರಡು ಬುಲೆಟ್‌ಗಳನ್ನು ಪರಸ್ಪರ ಹೋಲಿಸಲು ಅದು ನಂಬಿಕಸ್ಥ ವಿಧಾನ. ಕಾಡಿನಲ್ಲಿ ಏನಾಗುತ್ತದೆ ಎಂಬ ಭವಿಷ್ಯವನ್ನು ಅದು ಹೇಳುವುದಿಲ್ಲ.

ಕಳೆದುಹೋದ ಸೀಸ ಎಲ್ಲಿ ಹೋಯಿತು?

ಮೇಲಿನ ಮೂರನೇ ಅಳತೆಯನ್ನು ಇನ್ನೊಮ್ಮೆ ನೋಡಿ: ಉಳಿದ ತೂಕ. ಸುಮಾರು 11.7 ಗ್ರಾಂ ತೂಕದ ಸಾಮಾನ್ಯ ಸೀಸದ ಬುಲೆಟ್ ಶೇ. 60ರಷ್ಟು ತೂಕ ಉಳಿಸಿಕೊಂಡಿತು ಎನ್ನೋಣ. ಬೇಟೆಗಾರನಿಗೆ ಅದು ಕೆಟ್ಟ ಫಲಿತಾಂಶವೇನಲ್ಲ. ಆದರೆ ಉಳಿದ 4.7 ಗ್ರಾಂ ಎಲ್ಲಿ? ಜೆಲ್ಲಿಯಲ್ಲಾದರೆ ಅದು ಕಪ್ಪು ಚುಕ್ಕೆಗಳಾಗಿ ಉಳಿಯುತ್ತದೆ, ಮುದ್ದೆಯ ಜೊತೆ ಕಸಕ್ಕೆ ಹೋಗುತ್ತದೆ. ಜಿಂಕೆಯಲ್ಲಾದರೆ ಅದು ಮಾಂಸದಲ್ಲಿದೆ. ಆ ಮಾಂಸ ಯಾರದೋ ತಟ್ಟೆಗೆ ಬರುತ್ತದೆ.

ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಲು ಬಹಳ ಕಾಲ ಹಿಡಿಯಿತು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೇಟೆಗಾರರು ಕಾಡಿನಲ್ಲೇ ಬಿಟ್ಟುಹೋದ ಜಿಂಕೆಯ ಕರುಳು-ಜಠರಗಳ 20 ರಾಶಿಗಳನ್ನು ಎಕ್ಸ್-ರೇ ಮಾಡಲಾಯಿತು. ಶೇ. 90ರಷ್ಟು ರಾಶಿಗಳಲ್ಲಿ ಲೋಹದ ಚೂರುಗಳಿದ್ದವು, ಐದರಲ್ಲಿ ಇನ್ನೂರಕ್ಕೂ ಹೆಚ್ಚು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸೀಸದ ಬುಲೆಟ್‌ನಿಂದ ಹೊಡೆದ 30 ಜಿಂಕೆಗಳನ್ನು ಬೇರೆ ಬೇರೆ ಮಾಂಸದಂಗಡಿಗೆ ಕೊಟ್ಟು ಖೀಮಾ ಮಾಡಿಸಲಾಯಿತು. 234 ಪೊಟ್ಟಣಗಳ ಪೈಕಿ ಶೇ. 32ರಲ್ಲಿ ಕನಿಷ್ಠ ಒಂದು ಲೋಹದ ಚೂರು ಕಂಡಿತು. ಆ ಮಾಂಸವನ್ನು ಹಂದಿಗಳಿಗೆ ತಿನ್ನಿಸಿದಾಗ ಅವುಗಳ ರಕ್ತದಲ್ಲಿ ಸೀಸದ ಪ್ರಮಾಣ ಏರಿತು.

2008ರಲ್ಲಿ ನಾರ್ತ್ ಡಕೋಟ ರಾಜ್ಯದ ಅಧಿಕಾರಿಗಳು, ಬಡವರಿಗೆ ಹಂಚಲು ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆ ಮಾಂಸವನ್ನು ಎಸೆಯುವಂತೆ ಆಹಾರ ವಿತರಣಾ ಕೇಂದ್ರಗಳಿಗೆ ಸೂಚಿಸಿದರು. ಅದೇ ವರ್ಷ ಮಿನ್ನೆಸೋಟ ರಾಜ್ಯದ ಇಲಾಖೆಯೊಂದು ಜಿಂಕೆಯ ಬದಲು ಕುರಿಗಳ ಕಳೇಬರಗಳಿಗೆ ಹಲವು ಬಗೆಯ ಬುಲೆಟ್ ಹಾರಿಸಿ ಎಕ್ಸ್-ರೇ ತೆಗೆಯಿತು. ಬೇಗ ಅರಳುವ ಸೀಸದ ಬುಲೆಟ್‌ನಿಂದ ಒಂದೊಂದು ಕಳೇಬರದಲ್ಲಿ ಸರಾಸರಿ 141 ಚೂರು. ಪೂರ್ತಿ ತಾಮ್ರದ ಬುಲೆಟ್‌ನಿಂದ ಸರಾಸರಿ ಎರಡು!

ಸೀಸ ಕಣ್ಣಿಗೆ ಕಾಣುವ ವಿಷವಲ್ಲ. ಹಲವು ಚೂರುಗಳು ಹಲ್ಲಿಗೂ ಸಿಗದಷ್ಟು ಸಣ್ಣವು. ಸೀಸಕ್ಕೆ ಸುರಕ್ಷಿತ ಎನ್ನಬಹುದಾದ ಮಿತಿಯೇ ಗೊತ್ತಾಗಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳು ಮತ್ತು ಗರ್ಭಿಣಿಯರಿಗೆ ಅಪಾಯ ಹೆಚ್ಚು, ಬೆಳೆಯುವ ಮಿದುಳಿಗೆ ಅದು ನೇರ ಹಾನಿ.

ಕಾಂಡೋರ್ ಹಕ್ಕಿ ಮತ್ತು ಕಾನೂನು

ಮನುಷ್ಯರಿಗಿಂತ ಮೊದಲು ಬೆಲೆ ತೆತ್ತವು ಹಕ್ಕಿಗಳು. ರೆಕ್ಕೆ ಬಿಚ್ಚಿದರೆ ಸುಮಾರು ಮೂರು ಮೀಟರ್ ಅಗಲವಾಗುವ ಕ್ಯಾಲಿಫೋರ್ನಿಯಾ ಕಾಂಡೋರ್ ಸತ್ತ ಪ್ರಾಣಿಗಳನ್ನೇ ತಿಂದು ಬದುಕುತ್ತದೆ. ಬೇಟೆಗಾರರು ಬಿಟ್ಟ ಕರುಳಿನ ರಾಶಿ ಅದಕ್ಕೆ ಹಬ್ಬದೂಟ. ಅದರಲ್ಲಿರುವ ಸೀಸ ಹೊಟ್ಟೆಯ ತೀಕ್ಷ್ಣ ಆಮ್ಲದಲ್ಲಿ ಕರಗಿ ರಕ್ತ ಸೇರುತ್ತದೆ. 1982ರಲ್ಲಿ ಪ್ರಪಂಚದಲ್ಲಿ ಉಳಿದಿದ್ದು 22 ಕಾಂಡೋರ್‌ಗಳು ಮಾತ್ರ. 1987ರ ಹೊತ್ತಿಗೆ ಕಾಡಿನಲ್ಲಿದ್ದ ಎಲ್ಲವನ್ನೂ ಹಿಡಿದು ಮೃಗಾಲಯಗಳಲ್ಲಿ ಸಾಕಿ ಮರಿ ಮಾಡಿಸಲಾಯಿತು. 1992ರಿಂದ ಮತ್ತೆ ಹೊರಗೆ ಬಿಡಲಾಗುತ್ತಿದೆ. ಹೀಗೆ ಬಿಟ್ಟ ಹಕ್ಕಿಗಳ ಸಾವಿಗೂ ಮೊದಲ ಕಾರಣ ಸೀಸದ ವಿಷವೇ ಆಯಿತು.

ಕ್ಯಾಲಿಫೋರ್ನಿಯಾ 2008ರಿಂದ ಕಾಂಡೋರ್ ಇರುವ ಪ್ರದೇಶದ ಬೇಟೆಯಲ್ಲಿ, 2019ರ ಜುಲೈ 1ರಿಂದ ಇಡೀ ರಾಜ್ಯದ ಬೇಟೆಯಲ್ಲಿ ಸೀಸದ ಗುಂಡನ್ನು ನಿಷೇಧಿಸಿತು. ಡೆನ್ಮಾರ್ಕ್ 2024ರಲ್ಲಿ ರೈಫಲ್ ಬುಲೆಟ್‌ಗಳಿಗೂ ನಿಷೇಧ ವಿಸ್ತರಿಸಿತು.

ನಮ್ಮ ದೇಶದ ರಣಹದ್ದುಗಳ ಕಥೆ ಗೊತ್ತಿರುವವರಿಗೆ ಇದು ಹೊಸದಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧ ಕಳೇಬರದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿ, ಕೆಲವು ಜಾತಿಗಳ ಶೇ. 90ಕ್ಕೂ ಹೆಚ್ಚು ಹಕ್ಕಿಗಳನ್ನು ಬಲಿ ತೆಗೆದುಕೊಂಡಿತು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ಧಾಮ ಮಾಡಬೇಕಾಗಿ ಬಂದ ಹಿನ್ನೆಲೆಯೂ ಈ ಕುಸಿತವೇ. ಅಲ್ಲಿ ಔಷಧ, ಇಲ್ಲಿ ಬುಲೆಟ್. ಎರಡರಲ್ಲೂ ಪರೀಕ್ಷೆ ನಡೆದಿತ್ತು, ಆದರೆ ಸತ್ತ ಪ್ರಾಣಿಯನ್ನು ಆಮೇಲೆ ಯಾರು ತಿನ್ನುತ್ತಾರೆ ಎಂದು ಯಾರೂ ಕೇಳಿರಲಿಲ್ಲ.

ತಾಮ್ರವೇ ಪರಿಹಾರವೇ?

ಪೂರ್ತಿ ತಾಮ್ರದ ಅಥವಾ ತಾಮ್ರದ ಮಿಶ್ರಲೋಹದ ಬುಲೆಟ್‌ಗಳು 1980ರ ದಶಕದ ಕೊನೆಯಿಂದ ಮಾರುಕಟ್ಟೆಯಲ್ಲಿವೆ. ಮೂತಿಯಲ್ಲಿನ ಟೊಳ್ಳು ಬಿಚ್ಚಿಕೊಂಡು ಹೂವಿನ ದಳಗಳಂತೆ ಹಿಂದಕ್ಕೆ ಮಡಚುತ್ತದೆ. ಉಳಿದ ತೂಕ ಹೆಚ್ಚಿನ ಸಲ ಶೇ. 95ಕ್ಕೂ ಮೇಲೆ.

ಆದರೆ ತಾಮ್ರ ಸೀಸದಷ್ಟು ಮೆತ್ತಗಿಲ್ಲ, ಅರಳಲು ಹೆಚ್ಚು ವೇಗ ಬೇಕು. ಸೆಕೆಂಡಿಗೆ 550 ಮೀಟರ್ ಆಸುಪಾಸಿಗಿಂತ ಕೆಳಗೆ ಇಳಿದರೆ ಹಲವು ತಾಮ್ರದ ಬುಲೆಟ್‌ಗಳು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಸಾಂದ್ರತೆಯೂ ಕಡಿಮೆ: ಸೀಸದ್ದು ಘನ ಸೆಂ.ಮೀ.ಗೆ 11.3 ಗ್ರಾಂ, ತಾಮ್ರದ್ದು 8.9. ಅಷ್ಟೇ ತೂಕ ಬೇಕೆಂದರೆ ಬುಲೆಟ್ ಉದ್ದವಾಗಬೇಕು, ಹಳೆಯ ಕೆಲವು ರೈಫಲ್‌ಗಳಿಗೆ ಅದು ಹೊಂದುವುದಿಲ್ಲ. ಬೆಲೆಯೂ ಸಾಮಾನ್ಯ ಸೀಸದ ಬುಲೆಟ್‌ಗಿಂತ ಹೆಚ್ಚು. ಹಾಗಾಗಿ ದೂರದಲ್ಲಿ ಅರಳದ ತಾಮ್ರದಿಂದ ಗಾಯಗೊಂಡ ಪ್ರಾಣಿ ತಪ್ಪಿಸಿಕೊಂಡರೆ ಅದೂ ಕ್ರೌರ್ಯವೇ ತಾನೆ ಎಂಬ ಬೇಟೆಗಾರರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಮತ್ತೆ ಜೆಲ್ಲಿ ಮುದ್ದೆಯಲ್ಲೇ ಸಿಗಬೇಕು: ಕಡಿಮೆ ವೇಗದಲ್ಲೂ ಅರಳುವ ತಾಮ್ರದ ಮೂತಿಗಾಗಿ ಕಂಪನಿಗಳು ಈಗ ಪೈಪೋಟಿಗೆ ಬಿದ್ದಿವೆ.

ಜಾಹೀರಾತಿನ ಚಿತ್ರದಲ್ಲಿ ಹೊಳೆಯುವ ಅಣಬೆಯಂಥ ಬುಲೆಟ್ ಕಂಡರೆ ಕೇಳಬೇಕಾದ ಪ್ರಶ್ನೆಗಳು ಮೂರು. ಇದನ್ನು ಯಾವ ವೇಗದಲ್ಲಿ ಹಾರಿಸಿದ್ದು? ಯಾವುದಕ್ಕೆ ಹಾರಿಸಿದ್ದು? ಕಳೆದುಹೋದ ತೂಕ ಎಲ್ಲಿದೆ? ಮೊದಲ ಎರಡು ಪ್ರಶ್ನೆಗಳಿಗೆ ಬುಲೆಟ್ ಪೆಟ್ಟಿಗೆಯ ಮೇಲೋ ಕಂಪನಿಯ ಕೈಪಿಡಿಯಲ್ಲೋ ಉತ್ತರ ಸಿಗಬಹುದು. ಮೂರನೆಯದಕ್ಕೆ ಉತ್ತರ ಬೇಕಾದರೆ ಮಾಂಸವನ್ನು ಎಕ್ಸ್-ರೇ ಯಂತ್ರದ ಕೆಳಗೆ ಇಡಬೇಕಾಗುತ್ತದೆ.